ಕಿಂದರಿಜೋಗಿಯ ಊರು, ರಪುಂಜೆಲ್‌ಳ ಜಡೆ

ಜರ್ಮನಿಯ ಹಾನೌ ಪಟ್ಟಣದಿಂದ ಉತ್ತರದ ಬ್ರೆಮನ್‌ವರೆಗೆ, ಸುಮಾರು 600 ಕಿಲೋಮೀಟರ್ ಉದ್ದಕ್ಕೆ, ಕಥೆಗಳನ್ನೇ ಮೈಲಿಗಲ್ಲು ಮಾಡಿಕೊಂಡ ಪ್ರವಾಸಿ ಮಾರ್ಗವೊಂದಿದೆ. ‘ಜರ್ಮನ್ ಕಿನ್ನರಕಥೆಗಳ ದಾರಿ’ ಎಂಬ ಹೆಸರಿನ ಇದು ಶುರುವಾದದ್ದು 1975ರಲ್ಲಿ. ಗ್ರಿಮ್ ಸೋದರರು ಹುಟ್ಟಿದ್ದು ಹಾನೌನಲ್ಲಿ. ಆದರೆ ದಾರಿಯ ಸೊಗಸೆಲ್ಲ ವೇಜರ್ ನದಿಯ ಕಣಿವೆಯಲ್ಲಿ. ಹಾನ್ ಮ್ಯುಂಡನ್ ಎಂಬಲ್ಲಿ ವೆರಾ ಮತ್ತು ಫುಲ್ಡಾ ನದಿಗಳು ಕೂಡಿ ವೇಜರ್ ಆಗುತ್ತವೆ. ಅಲ್ಲಿಂದ ಹಾಮೆಲ್ನ್‌ವರೆಗೆ ಕಾಡು ಹೊದ್ದ ಗುಡ್ಡಗಳು, ಮರದ ಚೌಕಟ್ಟಿನ ಹಳೆಯ ಮನೆಗಳು, ಅವಸರವಿಲ್ಲದೆ ತಿರುಗುವ ನದಿ. ನೋಟದ ಬಗ್ಗೆ ಯಾರದೂ ತಕರಾರಿರಲಾರದು. ತಕರಾರು ಇರುವುದು ಕಥೆಗಳನ್ನು ಊರೂರಿಗೆ ಹಂಚಿಕೊಟ್ಟ ಬಗೆಯ ಮೇಲೆ.

ಇದನ್ನು ಅಳೆಯಲು ಬೇಕಾದ ಕೋಲನ್ನು ಗ್ರಿಮ್ ಸೋದರರೇ ಕೊಟ್ಟುಹೋಗಿದ್ದಾರೆ. 1812ರಲ್ಲಿ ಅವರ ಕಥಾಸಂಗ್ರಹದ ಮೊದಲ ಸಂಪುಟ ಬಂತು. 1816 ಮತ್ತು 1818ರಲ್ಲಿ ಐತಿಹ್ಯಗಳ ಸಂಪುಟಗಳು ಬೇರೆಯಾಗಿಯೇ ಬಂದವು. ‘ಒಂದಾನೊಂದು ಕಾಲದಲ್ಲಿ’ ನಡೆಯುವ ಕಥೆಗೆ ಊರು ಬೇಕಿಲ್ಲ. ಐತಿಹ್ಯ ಹಾಗಲ್ಲ, ಅದು ಒಂದು ಬೆಟ್ಟಕ್ಕೋ ಬೀದಿಗೋ ಅಂಟಿಕೊಂಡೇ ಹುಟ್ಟುತ್ತದೆ. ಪ್ರವಾಸೋದ್ಯಮ ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿತು.

ಪರಿಣಾಮ ಜಾಬಾಬುರ್ಗ್‌ನಲ್ಲಿ ಕಾಣುತ್ತದೆ. ರೈನ್‌ಹಾರ್ಡ್ಸ್ ಕಾಡಿನ ನಡುವಿನ ಈ ಹಳೆಯ ಕೋಟೆಗೆ ‘ನಿದ್ರಾಸುಂದರಿಯ ಅರಮನೆ’ ಎಂಬ ಬಿರುದು. ಕಥೆಯಲ್ಲಿ ಈ ಕೋಟೆಯ ಹೆಸರಿಲ್ಲ. ಗ್ರಿಮ್‌ಗಿಂತ ನೂರು ವರ್ಷಕ್ಕೂ ಮೊದಲೇ, 1697ರಲ್ಲಿ, ಫ್ರಾನ್ಸಿನ ಪೆರೋ ಅದನ್ನು ಅಚ್ಚು ಹಾಕಿಸಿದ್ದ. ಹತ್ತಿರದ ಟ್ರೆಂಡೆಲ್‌ಬುರ್ಗ್ ಕೋಟೆಯ ಗೋಪುರದಿಂದ ಉದ್ದನೆಯ ಜಡೆಯೊಂದನ್ನು ಇಳಿಬಿಟ್ಟಿದ್ದಾರೆ, ರಪುಂಜೆಲ್‌ಳದು ಎಂದು. ಆಕೆಯ ಮೂಲವೂ ಫ್ರೆಂಚ್ ಲೇಖಕಿಯೊಬ್ಬಳ 1698ರ ಕಥೆಯಲ್ಲಿದೆ. ಮಕ್ಕಳು ಜಡೆ ನೋಡಿ ಹಿಗ್ಗುತ್ತಾರೆ, ಹಿಗ್ಗಲಿ. ಆದರೆ ಕೋಟೆಗೆ ತನ್ನದೇ ಶತಮಾನಗಳ ಚರಿತ್ರೆ ಇರುವಾಗ ಅದು ಆ ಜಡೆಯ ಹಿಂದೆ ಮರೆಯಾಗುವುದು ನಷ್ಟವೇ. ಬ್ರೆಮನ್‌ನದಂತೂ ತಮಾಷೆ: ಅಲ್ಲಿಗೆ ಹೊರಟ ಕತ್ತೆ, ನಾಯಿ, ಬೆಕ್ಕು, ಹುಂಜಗಳು ಕಥೆಯಲ್ಲಿ ಆ ಊರನ್ನು ಮುಟ್ಟುವುದೇ ಇಲ್ಲ. ಆದರೂ ಪುರಭವನದ ಪಕ್ಕ ಅವುಗಳ ಕಂಚಿನ ಪ್ರತಿಮೆ ನಿಂತಿದೆ, ಪ್ರವಾಸಿಗರು ಹಿಡಿದು ಹಿಡಿದು ಕತ್ತೆಯ ಮುಂಗಾಲು ಫಳಫಳ ಹೊಳೆಯುತ್ತದೆ.

ಬೋಡನ್‌ವೆರ್ಡರ್ ಪರವಾಗಿಲ್ಲ. ಬಡಾಯಿ ಬ್ಯಾರನ್ ಮ್ಯುಂಖ್‌ಹೌಸನ್ (1720–1797) ನಿಜವಾಗಿಯೂ ಅಲ್ಲೇ ಹುಟ್ಟಿ ಅಲ್ಲೇ ಸತ್ತವನು. ಅವನ ಹೆಸರಿನಲ್ಲಿ ಸುಳ್ಳುಗಳ ಪುಸ್ತಕ 1785ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದಾಗ ಅವನಿನ್ನೂ ಬದುಕಿದ್ದ, ಸಿಟ್ಟಾಗಿದ್ದ. ಈಗ ಊರಿನ ಕಾರಂಜಿಯಲ್ಲಿ ಅವನು ಅರ್ಧ ಕುದುರೆಯ ಮೇಲೆ ಕೂತಿದ್ದಾನೆ. ಕುದುರೆ ಕುಡಿದ ನೀರೆಲ್ಲ ಹಿಂದಿನಿಂದ ಸುರಿಯುತ್ತಿದೆ.

ದಾರಿಯ ಮರ್ಯಾದೆ ಉಳಿಸುವ ಊರು ಹಾಮೆಲ್ನ್. ಕೊಳಲೂದಿ ಇಲಿಗಳನ್ನೂ ಆಮೇಲೆ ಮಕ್ಕಳನ್ನೂ ಕರೆದೊಯ್ದವನ ಈ ಊರು ಕನ್ನಡಿಗರಿಗೆ ಹೊಸದಲ್ಲ. ಬ್ರೌನಿಂಗ್‌ನ ಪದ್ಯವನ್ನು ಆಧರಿಸಿ ಕುವೆಂಪು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಬರೆದು ಇಲಿಗಳ ಹಿಂಡನ್ನು ವೇಜರ್‌ನಿಂದ ತುಂಗಾ ತೀರಕ್ಕೆ ತಂದರು. ಹಾಮೆಲ್ನ್‌ನ ಹಳೆಯ ದಾಖಲೆಗಳಲ್ಲಿ ಇಲಿಗಳೇ ಇಲ್ಲ. ಅವು ಕಥೆಯೊಳಗೆ ನುಗ್ಗಿದ್ದು ಹದಿನಾರನೆಯ ಶತಮಾನದಲ್ಲಿ. ಮೊದಲಿನಿಂದ ಇದ್ದದ್ದು ಒಂದು ತಾರೀಖು, ಒಂದು ಲೆಕ್ಕ: 1284ರ ಜೂನ್ 26, ಕಾಣೆಯಾದ 130 ಮಕ್ಕಳು. 1600ರ ಆಸುಪಾಸಿನಲ್ಲಿ ಕಟ್ಟಿದ ‘ಇಲಿಗಾರನ ಮನೆ’ಯ ಗೋಡೆಯಲ್ಲಿ ಇದನ್ನೇ ಕೆತ್ತಿದ್ದಾರೆ. ಅದರ ಪಕ್ಕದ ಬೀದಿಯ ಹೆಸರೇ ‘ಡೋಲಿಲ್ಲದ ಬೀದಿ’. ಮಕ್ಕಳು ಹೊರಟದ್ದು ಆ ದಾರಿಯಲ್ಲಿ ಎಂಬ ನಂಬಿಕೆಯಿಂದ ಅಲ್ಲಿ ಇಂದಿಗೂ ವಾದ್ಯ ಬಾರಿಸುವಂತಿಲ್ಲ, ಕುಣಿಯುವಂತಿಲ್ಲ. ಮದುವೆ ಮೆರವಣಿಗೆ ಬಂದರೂ ಬೀದಿ ಬಾಯಲ್ಲಿ ವಾದ್ಯ ನಿಲ್ಲಬೇಕು. ಪೂರ್ವದ ಹೊಸ ನೆಲಗಳಿಗೆ ವಲಸೆ ಹೋದ ಯುವಜನರೇ ಆ ‘ಮಕ್ಕಳು’ ಇರಬಹುದೆಂದು ಹಲವು ವಿದ್ವಾಂಸರು ಊಹಿಸುತ್ತಾರೆ. ಕಾರಣ ಏನೇ ಇರಲಿ, ಊರೊಂದು ತನ್ನ ನಷ್ಟವನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದದ್ದು ಯಾವ ಪ್ರವಾಸೋದ್ಯಮ ಇಲಾಖೆಯೂ ಹುಟ್ಟಿಸಲಾಗದ ಸಂಗತಿ. ಇದರ ಜೊತೆಗೇ ಅಂಗಡಿಗಳಲ್ಲಿ ಹಿಟ್ಟಿನ ಇಲಿ, ನೆಲದ ಕಲ್ಲಿನ ಮೇಲೆ ದಾರಿ ತೋರುವ ಇಲಿ, ಬೇಸಿಗೆಯ ಭಾನುವಾರಗಳಲ್ಲಿ ಬಯಲು ನಾಟಕ. ವ್ಯಾಪಾರ ಇದ್ದದ್ದೇ. ಆದರೆ ಇಲ್ಲಿ ಅದು ಗಾಯದ ಮೇಲೆ ನಿಂತಿದೆ, ಬರಿಯ ಜಾಹೀರಾತಿನ ಮೇಲಲ್ಲ.

ಕಿನ್ನರಕಥೆಯ ಕಣ್ಣಿಗೆ ಕಾಣದ ಕಣಿವೆಯೂ ಒಂದಿದೆ. ಹಾಮೆಲ್ನ್‌ನಿಂದ ಕೆಲವೇ ಕಿಲೋಮೀಟರ್ ದೂರದ ಬ್ಯುಕೆಬೆರ್ಗ್ ಗುಡ್ಡದಲ್ಲಿ 1933ರಿಂದ 1937ರವರೆಗೆ ನಾಜಿಗಳ ಸುಗ್ಗಿ ಸಮಾವೇಶ ನಡೆಯುತ್ತಿತ್ತು. ಲಕ್ಷಗಟ್ಟಲೆ ಜನ ಹಿಟ್ಲರ್‌ನನ್ನು ನೋಡಲು ಅಲ್ಲಿ ಸೇರುತ್ತಿದ್ದರು. ಕೊಳಲಿನವನ ಹಿಂದೆ ಹೋದ ಊರಿನ ಕಥೆ ಹೇಳುವವರು ಈ ಗುಡ್ಡವನ್ನು ದಾಟಿಕೊಂಡು ಹೋಗುವುದು ಕಷ್ಟ. ನದಿದಂಡೆಯಲ್ಲೇ ಗ್ರೋಂಡೆ ಅಣುಸ್ಥಾವರದ ಶೈತ್ಯಗೋಪುರಗಳು ರಪುಂಜೆಲ್‌ಳ ಗೋಪುರಕ್ಕಿಂತ ಎಷ್ಟೋ ಎತ್ತರಕ್ಕೆ ಎದ್ದಿವೆ. 2021ರ ಕೊನೆಯ ದಿನ ಅದನ್ನು ಮುಚ್ಚಲಾಯಿತು.

ಕಾರಿನಲ್ಲಿ ಕೋಟೆಯಿಂದ ಕೋಟೆಗೆ ಓಡುವವರಿಗಿಂತ ನದಿಗುಂಟ ಸೈಕಲ್ ತುಳಿಯುವವರಿಗೆ ಈ ಕಣಿವೆ ಹೆಚ್ಚು ದಕ್ಕುತ್ತದೆ. ಪೋಲೆ ಊರಿನ ಹಾಯಿಗಡದಲ್ಲಿ ಹಗ್ಗಕ್ಕೆ ಕಟ್ಟಿದ ದೋಣಿಯನ್ನು ಎಂಜಿನ್ ಇಲ್ಲದೆ ನದಿಯ ಸೆಳವೇ ಆಚೆ ದಡಕ್ಕೆ ಒಯ್ಯುತ್ತದೆ. ಅದೇ ಊರಿನ ಹಾಳು ಕೋಟೆಗೆ ಸಿಂಡ್ರೆಲಾಳ ಹೆಸರು ಹಚ್ಚಿದ್ದಾರೆ. ಅದನ್ನು ಬಿಟ್ಟು ದೋಣಿ ಹತ್ತಿದರೂ ಕಳೆದುಕೊಳ್ಳುವುದೇನಿಲ್ಲ.