ಬೇಸಿನ್ ಪಕ್ಕದ ಗೋಡೆಗೆ ಕಲ್ಲಿನ ಪಟ್ಟಿ ಬೇಕೇ?

ಕೈತೊಳೆಯುವ ಬೇಸಿನ್ ಕೂರಿಸಿದ ಗ್ರಾನೈಟ್ ಕಟ್ಟೆಯ ಹಿಂಬದಿಗೆ 4 ಇಂಚು ಎತ್ತರದ ಕಲ್ಲಿನ ಪಟ್ಟಿ ಹಾಕಿಸುವುದು ರೂಢಿ. ಕಟ್ಟೆಯ ಎಡ ಅಥವಾ ಬಲ ತುದಿಯೂ ಗೋಡೆಗೆ ತಾಗಿದ್ದರೆ ಅಲ್ಲಿಯೂ ಅದೇ ಪಟ್ಟಿ ಬೇಕೇ ಎಂಬ ಪ್ರಶ್ನೆ ಏಳುತ್ತದೆ. ಸಾಮಾನ್ಯವಾಗಿ ಇದನ್ನು ಅಂದದ ಲೆಕ್ಕದಲ್ಲಿ ತೀರ್ಮಾನಿಸಲಾಗುತ್ತದೆ. ನೋಡಬೇಕಾದದ್ದು ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು.

ಪಟ್ಟಿ ಮಾಡುವ ಕೆಲಸ ಎರಡು. ಸಿಡಿಯುವ ನೀರಿನಿಂದ ಗೋಡೆಯನ್ನು ಕಾಯುತ್ತದೆ. ಕಲ್ಲೂ ಗೋಡೆಯೂ ಸೇರುವ ಸಂದಿಯನ್ನು ಮುಚ್ಚುತ್ತದೆ. ಇವುಗಳಲ್ಲಿ ಎರಡನೆಯದೇ ದೊಡ್ಡದು. ಗೋಡೆಯ ಮೇಲಿನ ಹನಿ ಕಣ್ಣಿಗೆ ಬೀಳುತ್ತದೆ, ಒರೆಸಿದರೆ ಹೋಗುತ್ತದೆ. ಸಂದಿಗೆ ಇಳಿದ ನೀರು ಕಾಣುವುದಿಲ್ಲ. ಅದು ಕೆಳಗಿನ ಕಪಾಟಿನ ಪಕ್ಕದ ಹಲಗೆಯನ್ನು ಸೇರುತ್ತದೆ. ಐಎಸ್ 710 ದರ್ಜೆಯ ಮರೈನ್ ಪ್ಲೈವುಡ್ ಆದರೆ ಬಹುಕಾಲ ತಾಳುತ್ತದೆ. ಪಾರ್ಟಿಕಲ್ ಬೋರ್ಡ್ ಆದರೆ ಅಂಚು ಉಬ್ಬಿ, ಕೀಲಿನ ತಿರುಪು ಸಡಿಲಗೊಂಡು, ಬಾಗಿಲು ಜೋತುಬೀಳುತ್ತದೆ.

ಸ್ನಾನದ ಮನೆಯ ಒಳಗಿನ ಬೇಸಿನ್‌ಗೆ ಉತ್ತರ ಸುಲಭ. ಕರ್ನಾಟಕದ ಈಗಿನ ಮನೆಗಳಲ್ಲಿ ಸ್ನಾನದ ಮನೆಯ ಗೋಡೆಗೆ ಸಾಮಾನ್ಯವಾಗಿ 7 ಅಡಿಯವರೆಗೆ ಟೈಲ್ಸ್ ಇರುತ್ತದೆ. ಟೈಲ್ಸೇ ಗೋಡೆಯನ್ನು ಕಾಯುವಾಗ ಪಟ್ಟಿ ಹೆಚ್ಚುವರಿ. ಆದರೆ ಕೆಲಸದ ಕ್ರಮ ಸರಿಯಿರಬೇಕು: ಮೊದಲು ಗೋಡೆಯನ್ನು ಒಂದಿಂಚು ಕೊರೆದು ಕಲ್ಲನ್ನು ಒಳಗೆ ಸೇರಿಸಿ, ಆಮೇಲೆ ಟೈಲ್ಸ್ ಕಲ್ಲಿನ ಮೇಲೆ ಬಂದು ನಿಲ್ಲುವಂತೆ ಅಂಟಿಸಬೇಕು. ಆಗ ಗೋಡೆಯಿಂದ ಜಾರಿದ ನೀರು ಕಟ್ಟೆಯ ಮೇಲೇ ಬೀಳುತ್ತದೆ. ಟೈಲ್ಸ್ ಮುಗಿದ ಮೇಲೆ ತಂದ ಕಲ್ಲನ್ನು ಟೈಲ್ಸಿಗೆ ಆನಿಸಿ ಇಟ್ಟರೆ ಅದೇ ನೀರು ನೇರ ಸಂದಿಗೆ ಇಳಿಯುತ್ತದೆ. ಅಂಥ ಕಡೆ ಪಟ್ಟಿಗೆ ಮತ್ತೆ ಅರ್ಥ ಬರುತ್ತದೆ.

ನಿಜವಾದ ತೊಡಕಿರುವುದು ಊಟದ ಕೋಣೆಯ ಬೇಸಿನ್‌ನಲ್ಲಿ. ಊಟ ಮುಗಿಸಿ ಕೈತೊಳೆಯಲು ಮೇಜಿನ ಹತ್ತಿರ, ಮೆಟ್ಟಿಲ ಕೆಳಗೋ ಎರಡು ಗೋಡೆ ಕೂಡುವ ಮೂಲೆಯಲ್ಲೋ ಇಡುವ ಬೇಸಿನ್ ಅದು. ಹಿಂದೆ ಟೈಲ್ಸ್ ಇದ್ದರೂ ಪಕ್ಕದ ಗೋಡೆಗೆ ಬರಿಯ ಪುಟ್ಟಿ, ಅದರ ಮೇಲೆ ಬಣ್ಣ. ಮನೆಯಲ್ಲಿ ಹೆಚ್ಚು ಬಳಕೆಯಾಗುವ ಬೇಸಿನ್ ಬಹುಶಃ ಇದೇ. ಇಲ್ಲಿ ಬೀಳುವುದು ಬರಿಯ ನೀರಲ್ಲ. ಸಾರಿನ ಎಣ್ಣೆ, ಅರಿಶಿನ, ಬಾಯಿ ಮುಕ್ಕಳಿಸಿದ ನೀರು. ಕೈತೊಳೆದವರು ಟವಲ್ ಹುಡುಕುತ್ತ ಕೈ ಕೊಡವುತ್ತಾರೆ, ಹಾಗಾಗಿ ಟವಲ್ ತೂಗಿದ ಕಡೆಯ ಗೋಡೆಗೆ ಹನಿ ಹೆಚ್ಚು. ಅರಿಶಿನದ ಹಳದಿ ಕಲೆ ಬಣ್ಣ ಬಳಿದ ಗೋಡೆಯಿಂದ ಸುಲಭವಾಗಿ ಬಿಡುವುದಿಲ್ಲ. ಕೊಳವೆಬಾವಿಯ ಗಡಸು ನೀರಾದರೆ ಪ್ರತಿ ಹನಿಯೂ ಒಣಗಿ ಬಿಳಿ ಚುಕ್ಕೆ ಉಳಿಸುತ್ತದೆ. ಗೋಡೆಗೆ ಸಿಮೆಂಟಿನ ಬದಲು ಜಿಪ್ಸಂ ಗಾರೆ ಬಳಿದಿದ್ದರೆ ಇನ್ನೂ ಎಚ್ಚರ ಬೇಕು, ಪದೇ ಪದೇ ನೆನೆದರೆ ಜಿಪ್ಸಂ ಮೆತ್ತಗಾಗಿ ಉದುರುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಂತೂ ನೆನೆದ ಗೋಡೆ ಒಣಗುವುದೇ ನಿಧಾನ. ಸಂದಿಯುದ್ದಕ್ಕೂ ಕಪ್ಪು ಬೂಷ್ಟು ಕೂರುತ್ತದೆ. ಇಂಥ ಗೋಡೆಗೆ ರಕ್ಷೆ ಬೇಕೇ ಬೇಕು.

ಎಷ್ಟು ಎತ್ತರಕ್ಕೆ? 4 ಇಂಚು ಎಂಬುದು ಅಭ್ಯಾಸದಿಂದ ಬಂದ ಅಳತೆ, ನೀರಿನ ಲೆಕ್ಕದಿಂದ ಬಂದದ್ದಲ್ಲ. ಬೇಸಿನ್ ಕಲ್ಲಿನ ಕೆಳಗೆ ಕೂತಿದ್ದರೆ ಅದು ತಕ್ಕಮಟ್ಟಿಗೆ ಸಾಕು. ಕಲ್ಲಿನ ಮೇಲೆ ಬಟ್ಟಲಿನಂತೆ ನಿಲ್ಲುವ ಟೇಬಲ್ ಟಾಪ್ ಬೇಸಿನ್‌ನ ಬಾಯಿ ಎಷ್ಟೋ ಸಲ ಪಟ್ಟಿಗಿಂತ ಮೇಲಿರುತ್ತದೆ. ಅಲ್ಲಿ ಸಿಡಿತ ಶುರುವಾಗುವುದೇ ಪಟ್ಟಿ ಮುಗಿದ ಮೇಲೆ. ಈ ಬೇಸಿನ್ ಮೂಲೆಯಲ್ಲಿದ್ದರೆ ಪಟ್ಟಿಯ ದುಡ್ಡಿಗೆ ಇನ್ನಷ್ಟು ಸೇರಿಸಿ ಪಕ್ಕದ ಗೋಡೆಗೂ ಕನ್ನಡಿಯ ಕೆಳ ಅಂಚಿನವರೆಗೆ ಟೈಲ್ಸ್ ಹಾಕಿಸುವುದೇ ಸರಿ. ಅರ್ಧ ರಕ್ಷೆ ಕೊಟ್ಟು ಮೇಲಿನ ಗೋಡೆಯನ್ನು ನೆನೆಯಲು ಬಿಡುವ 4 ಇಂಚಿನ ಪಟ್ಟಿ ಅಲ್ಲಿ ವ್ಯರ್ಥ.

ದೂರವೂ ಮುಖ್ಯ. ಬೇಸಿನ್‌ನ ಅಂಚಿನಿಂದ ಗೋಡೆಗೆ ಮೊಳದಷ್ಟು ಜಾಗವಿದ್ದರೆ ಹೆಚ್ಚಿನ ಹನಿಗಳು ಕಟ್ಟೆಯ ಮೇಲೇ ಬೀಳುತ್ತವೆ, ಸಂದಿ ಮುಚ್ಚಿದ್ದರೆ ಪಟ್ಟಿಯಿಲ್ಲದೆ ನಡೆಯುತ್ತದೆ. ಗೇಣಿನಷ್ಟೇ ಇದ್ದರೆ ನಡೆಯುವುದಿಲ್ಲ. ವಾಸವಿರುವ ಮನೆಯಲ್ಲಿ ಇದನ್ನು ತಿಳಿಯಲು ಸುಲಭ ಉಪಾಯವೊಂದಿದೆ: ಪಕ್ಕದ ಗೋಡೆಗೆ ಹಳೆಯ ಪತ್ರಿಕೆಯ ಹಾಳೆ ಅಂಟಿಸಿ ಒಂದು ದಿನ ಎಲ್ಲರೂ ಎಂದಿನಂತೆ ಕೈತೊಳೆಯಲಿ. ಹಾಳೆ ಎಲ್ಲಿಯವರೆಗೆ ಸುಕ್ಕುಗಟ್ಟಿದೆಯೋ ಅದೇ ಬೇಕಾದ ಎತ್ತರ. ನೀರಿನ ಒತ್ತಡವೂ ಮನೆಯಿಂದ ಮನೆಗೆ ಬೇರೆ. ಟ್ಯಾಂಕಿನ ನೀರಿನ ಮಟ್ಟ ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ಒತ್ತಡ ಸುಮಾರು 1 ಬಾರ್; ಎತ್ತರ ಹೆಚ್ಚಿದಂತೆ ಅದೂ ಹೆಚ್ಚುತ್ತದೆ, ಆದ್ದರಿಂದ ನೆಲಮಹಡಿಯ ನಲ್ಲಿ ಮೇಲ್ಮಹಡಿಯದಕ್ಕಿಂತ ಜೋರಾಗಿ ಸುರಿಯುತ್ತದೆ. ಬೇಸಿನ್ ಕೆಳಗಿನ ಆ್ಯಂಗಲ್ ಕಾಕನ್ನು ಸ್ವಲ್ಪ ಬಿಗಿಗೊಳಿಸಿದರೆ, ನಲ್ಲಿಯ ಮೂತಿಗೆ ಗಾಳಿ ಬೆರೆಸುವ ಜಾಲರಿ ಹಾಕಿದರೆ ಸಿಡಿತ ತಗ್ಗುತ್ತದೆ. ಕಲ್ಲು ಕತ್ತರಿಸುವ ಮೊದಲೇ ಇದನ್ನು ಮಾಡಿ ನೋಡುವುದು ಒಳ್ಳೆಯದು.

ಪಟ್ಟಿ ಬೇಕೆಂದಾದರೆ ಗೋಡೆಗೆ ಮೂಲೆಮಟ್ಟ ಹಿಡಿದು ನೋಡಬೇಕು. ಮೂಲೆ ಸರಿಯಾಗಿ 90 ಡಿಗ್ರಿಯಿರುವ ಗೋಡೆ ಅಪರೂಪ. ಕಟ್ಟೆಯ ಹಿಂದೆ ತಾಗಿದ ಕಲ್ಲು ಮುಂದೆ ಅರ್ಧ ಇಂಚು ದೂರ ಸರಿದಿರಬಹುದು. ಸುಮಾರು 18 ಮಿಲಿಮೀಟರ್ ದಪ್ಪದ ಪಟ್ಟಿ ಅಷ್ಟನ್ನು ಮುಚ್ಚುತ್ತದೆ; ಸಂದು ಅದಕ್ಕಿಂತ ಅಗಲವಾದರೆ ಪಟ್ಟಿಗೆ ಕೂರಲು ಕಲ್ಲೇ ಇರುವುದಿಲ್ಲ. ಪಟ್ಟಿಯನ್ನು ಕಟ್ಟೆಯ ಕಲ್ಲಿನ ಜೊತೆಯಲ್ಲೇ, ಅದೇ ಚಪ್ಪಡಿಯಿಂದ ಕತ್ತರಿಸಿಡಬೇಕು. ಕಲ್ಲಿನ ಅಂಗಡಿಗೆ ವರ್ಷದ ನಂತರ ಹೋದರೆ ಅದೇ ಹೆಸರಿನ ಗ್ರಾನೈಟ್ ಸಿಕ್ಕೀತು, ಅದೇ ಬಣ್ಣ ಸಿಗುವ ಭರವಸೆಯಿಲ್ಲ. ಮುಂದಿನ ತುದಿಯ ಚೂಪು ಮೂಲೆಯನ್ನು ಉಜ್ಜಿ ದುಂಡಗೆ ಮಾಡಿಸದಿದ್ದರೆ ಮುಖ ತೊಳೆಯಲು ಬಗ್ಗಿದವರ ಮೊಣಕೈಗೆ ತಗಲುತ್ತದೆ.

ಪಟ್ಟಿಯಿರಲಿ, ಇಲ್ಲದಿರಲಿ, ಕಟ್ಟೆಯ ಸಂದಿಗೆ ಬಿಳಿ ಸಿಮೆಂಟ್ ತುಂಬಿಸಬಾರದು. ಕಲ್ಲೂ ಗೋಡೆಯೂ ಒಂದೇ ರೀತಿ ಹಿಗ್ಗಿ ಕುಗ್ಗುವುದಿಲ್ಲ, ಗಟ್ಟಿ ಸಿಮೆಂಟ್ ಬಿರುಕು ಬಿಡುತ್ತದೆ. ಅಲ್ಲಿ ಬೇಕಾದದ್ದು ಸಿಲಿಕೋನ್, ಅದರಲ್ಲೂ ವಿನೆಗರ್ ವಾಸನೆ ಬರದ ನ್ಯೂಟ್ರಲ್ ಬಗೆಯದು. ಕಟ್ಟೆ ಮಾರ್ಬಲ್ಲಿನದಾದರೆ ಹುಳಿವಾಸನೆಯದು ಅದರ ಹೊಳಪನ್ನು ತಿನ್ನುತ್ತದೆ. ಸಂದಿ ಪೂರ್ತಿ ಒಣಗಿದ ಮೇಲೆ ಹಚ್ಚಬೇಕು, ಹಚ್ಚಿದ ಮೇಲೆ ಒಂದು ದಿನ ನೀರು ತಾಕಿಸಬಾರದು. ಕಪ್ಪಾದಾಗ ಅಥವಾ ಅಂಚು ಬಿಟ್ಟಾಗ ಅದರ ಮೇಲೆಯೇ ಇನ್ನೊಂದು ಪದರ ಬಳಿದರೆ ನಿಲ್ಲುವುದಿಲ್ಲ. ಹಳೆಯದನ್ನು ಬ್ಲೇಡಿನಿಂದ ಪೂರ್ತಿ ಕಿತ್ತು, ಒರೆಸಿ, ಒಣಗಿಸಿ ಹೊಸದನ್ನು ಹಚ್ಚಬೇಕು.