ಹಂಚಿಯ ಮುಖವಾಡ

ಕಳೆದ ತಪಸ್ಸುಕಾಲದಲ್ಲಿ ಬಟವಾಡಿಯ ಮನೆಯೊಂದಕ್ಕೆ ಭೇಟಿ ನೀಡಿದ್ದಾಗ ಆ ಮನೆಯ ತಾಯಿ ದಪ್ಪನೆಯ ಇಂಗ್ಲಿಷ್ ಕಾದಂಬರಿಯೊಂದನ್ನು ತಂದು ನನ್ನ ಕೈಗಿಟ್ಟರು. “ಫಾದರ್, ಮಗಳು ಊಟ ಬಿಟ್ಟು ಇದನ್ನೇ ಓದ್ತಾಳೆ. ಓದಬಹುದೋ ಬೇಡವೋ ನೀವೇ ನೋಡಿ ಹೇಳಿ” ಎಂದರು. ಪಿಯುಸಿ ಓದುವ ಮಗಳು ಬಾಗಿಲ ಮರೆಯಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

ಅದು ಅಮೆರಿಕದ ಲೇಖಕಿ ಮೆಲನಿ ಡಿಕರ್ಸನ್ ಅವರ ‘ದಿ ಕ್ಯಾಪ್ಟಿವ್ ಮೇಡನ್’ (2013). ಮಧ್ಯಯುಗದ ಜರ್ಮನಿಯಲ್ಲಿ ನಡೆಯುವ ಸಿಂಡ್ರೆಲಾ ಕಥೆ. ಮಲತಾಯಿಯ ಮನೆಯಲ್ಲಿ ಆಳಿನಂತೆ ದುಡಿಯುವ ಗಿಸೆಲಾ, ಡ್ಯೂಕನ ಮಗ ವಾಲ್ಟನ್, ವೀರರ ಪಂದ್ಯ, ಅಪಹರಣ, ಬಿಡುಗಡೆ, ಕೊನೆಗೆ ವಿವಾಹ. ಇದೇ ಲೇಖಕಿ ನಿದ್ರಾಸುಂದರಿಯನ್ನೂ ರಪುಂಜಲಳನ್ನೂ ಹೀಗೆಯೇ ಇತಿಹಾಸದ ಉಡುಗೆ ತೊಡಿಸಿ ಬರೆದಿದ್ದಾರೆ. ಇವನ್ನು ‘ಶುದ್ಧ ಪ್ರಣಯ ಕಾದಂಬರಿ’ಗಳೆಂದು ಕರೆಯುತ್ತಾರೆ. ಅಶ್ಲೀಲವಿಲ್ಲ, ನಾಯಕ ನಾಯಕಿಯರು ಪ್ರಾರ್ಥಿಸುತ್ತಾರೆ, ಕಾಯುತ್ತಾರೆ. ಎರಡು ರಾತ್ರಿಗಳಲ್ಲಿ ನಾನೂ ಓದಿ ಮುಗಿಸಿದೆ. ಬೇಸರವಾಗಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ಆದರೆ ಪ್ರಿಯ ಓದುಗರೇ, ಪುಸ್ತಕ ಮುಚ್ಚಿದಾಗ ನನಗೆ ನೆನಪಾದದ್ದು ನಮ್ಮ ಹಂಚಿ. ಎ. ಕೆ. ರಾಮಾನುಜನ್ ಅವರು ‘ಕನ್ನಡದ ಸಿಂಡ್ರೆಲಾ’ ಎಂದು ಕರೆದು ಇಂಗ್ಲಿಷ್ ಲೇಖನದ ಮೂಲಕ ಹೊರಜಗತ್ತಿಗೆ ಪರಿಚಯಿಸಿದ ಜನಪದ ಕಥೆಯ ನಾಯಕಿ ಅವಳು. ಅಲನ್ ಡಂಡೆಸ್ 1982ರಲ್ಲಿ ಸಂಪಾದಿಸಿದ ಸಿಂಡ್ರೆಲಾ ಕುರಿತ ಗ್ರಂಥದಲ್ಲಿ ಆ ಲೇಖನವಿದೆ. ಹಂಚಿಗೆ ಚಿನ್ನದ ಕೂದಲು. ಅದನ್ನು ಕಂಡು ಮೋಹಗೊಂಡವನು ಹೊರಗಿನವನಲ್ಲ, ಒಡಹುಟ್ಟಿದ ಅಣ್ಣ. ಗಾಬರಿಗೊಂಡ ತಾಯಿ ಮಗಳ ಮುಖಕ್ಕೆ ಮಣ್ಣಿನ ಮುಖವಾಡ ತೊಡಿಸಿ ಮನೆಯಿಂದಾಚೆ ಕಳುಹಿಸುತ್ತಾಳೆ. ಹಂಚಿನ ಮುಖದವಳಾದ್ದರಿಂದ ‘ಹಂಚಿ’. ಪರರ ಮನೆಯಲ್ಲಿ ಅಡಿಗೆ ಮಾಡಿಕೊಂಡಿರುವ ಅವಳನ್ನು ಆ ಮನೆಯ ಮಗ ಮುಖವಾಡವಿಲ್ಲದಾಗ ಕಂಡು ಮದುವೆಯಾಗುತ್ತಾನೆ.

ಇಂಗ್ಲಿಷ್ ಕಾದಂಬರಿ ಮುಗಿಯುವುದು ಇಲ್ಲಿ. ಹಂಚಿಯ ನಿಜವಾದ ಕಷ್ಟ ಇಲ್ಲಿಂದ ಆರಂಭ. ಮನೆಯವರೆಲ್ಲರೂ ಗೌರವಿಸುವ ಗುರುವೊಬ್ಬ ಅವಳ ಮೇಲೆ ಕಣ್ಣು ಹಾಕುತ್ತಾನೆ. ಅವಳು ಉಪಾಯದಿಂದ ಪಾರಾದಾಗ ಅವಳ ನಡತೆಯ ಮೇಲೆಯೇ ಅಪವಾದ ಹೊರಿಸುತ್ತಾನೆ. ಮನೆಯವರು ನಂಬುವುದು ಗುರುವನ್ನು, ಸೊಸೆಯನ್ನಲ್ಲ. ಅವಳನ್ನು ಹೊರಗಟ್ಟುತ್ತಾರೆ. ಸತ್ಯ ಹೊರಬೀಳುವುದು ಬಹಳ ತಡವಾಗಿ.

ಶುದ್ಧೀಕರಣ ಹೊಸದೇನೂ ಅಲ್ಲ. ಗ್ರಿಮ್ ಸಹೋದರರ 1812ರ ಮುದ್ರಣದಲ್ಲಿ ರಪುಂಜಲ್ ತನ್ನ ಬಟ್ಟೆಗಳು ಏಕೆ ಬಿಗಿಯಾಗುತ್ತಿವೆಯೆಂದು ಮುಗ್ಧವಾಗಿ ಕೇಳುತ್ತಾಳೆ, ಗರ್ಭಿಣಿಯಾದುದು ಅದರಿಂದ ತಿಳಿಯುತ್ತದೆ. ಮುಂದಿನ ಮುದ್ರಣಗಳಲ್ಲಿ ಆ ಮಾತನ್ನು ತೆಗೆದುಹಾಕಿದರು. ಹಿಮಬಿಳಿ ರಾಜಕುಮಾರಿಯನ್ನು ಕೊಲ್ಲಿಸಹೊರಟ ಹೆತ್ತ ತಾಯಿಯನ್ನು 1819ರಲ್ಲಿ ಮಲತಾಯಿಯಾಗಿಸಿದರು. ಪಾಪ ಮನೆಯೊಳಗಿನದಲ್ಲ, ಹೊರಗಿನಿಂದ ಬಂದದ್ದು ಎಂಬ ಸಮಾಧಾನಕ್ಕಾಗಿ ಎಷ್ಟೊಂದು ತಿದ್ದುಪಡಿ!

ಡಿಕರ್ಸನ್ ಅಪಾಯವನ್ನು ಪೂರ್ತಿ ಅಳಿಸುತ್ತಾರೆಂದು ಹೇಳಿದರೆ ಅನ್ಯಾಯವಾದೀತು. ‘ದಿ ಮರ್ಚೆಂಟ್ಸ್ ಡಾಟರ್’ (2011) ಕಾದಂಬರಿಯಲ್ಲಿ ಜಮೀನಿನ ಪಾರುಪತ್ಯಗಾರನಿಂದ ನಾಯಕಿ ಪಡುವ ಭೀತಿಯನ್ನು ಅವರು ಚೆನ್ನಾಗಿ ಚಿತ್ರಿಸಿದ್ದಾರೆ. ಆದರೆ ಓದುಗಳಿಗೆ ದುಷ್ಟನ ಗುರುತು ಮೊದಲೇ ಸಿಕ್ಕಿಬಿಡುತ್ತದೆ. ಅವನನ್ನು ಯಾರೂ ಪೂಜಿಸುವುದಿಲ್ಲ, ಅವನ ಪಾದಕ್ಕೆ ಯಾರೂ ನೀರೆರೆಯುವುದಿಲ್ಲ. ಹಂಚಿಯ ಗುರುವಿಗೆ ಅಂಥ ಗುರುತಿಲ್ಲ.

ಶುದ್ಧವೆಂದರೆ ಮುಚ್ಚಿಡುವುದು ಎಂದಾದರೆ ನಮ್ಮ ಪವಿತ್ರ ಗ್ರಂಥವೇ ಆ ಪರೀಕ್ಷೆಯಲ್ಲಿ ಸೋಲುತ್ತದೆ. ಅಣ್ಣ ಅಮ್ನೋನನಿಂದ ಕೆಡಿಸಲ್ಪಟ್ಟ ತಾಮಾರಳ ಅಳಲು ಅಲ್ಲಿದೆ (2 ಸಮುವೇಲ 13). ತಪಸ್ಸುಕಾಲದ ಐದನೆಯ ವಾರದ ಸೋಮವಾರ ನಾವು ಬಲಿಪೂಜೆಯಲ್ಲಿಯೇ ಸುಸನ್ನಳ ವೃತ್ತಾಂತವನ್ನು ಓದುತ್ತೇವೆ (ದಾನಿಯೇಲ 13). ಅವಳ ಮೇಲೆ ಸುಳ್ಳು ಹೊರಿಸಿದವರು ದಾರಿಹೋಕರಲ್ಲ, ಜನ ನ್ಯಾಯಕ್ಕಾಗಿ ಅರಸಿ ಬರುತ್ತಿದ್ದ ಹಿರಿಯರು. ಸಭೆ ನಂಬಿದ್ದೂ ಅವರನ್ನೇ. ಹಂಚಿಯ ಕಥೆ ಹೇಳಿದ ಅಜ್ಜಿಯರು ದಾನಿಯೇಲನ ಗ್ರಂಥವನ್ನು ಓದಿರಲಿಕ್ಕಿಲ್ಲ, ಆದರೆ ಸುಸನ್ನಳನ್ನು ಬಲ್ಲವರಾಗಿದ್ದರು.

ಇಲ್ಲಿ ನನ್ನದೇ ಒಂದು ತೊಡಕನ್ನು ಹೇಳಬೇಕು. ನಮ್ಮನ್ನೂ ಜನ ‘ಗುರುಗಳೇ’ ಎಂದೇ ಕರೆಯುತ್ತಾರೆ. ಹಂಚಿಯ ಕಥೆಯಿಂದ ಗುರುವನ್ನು ತೆಗೆದರೆ ಮಕ್ಕಳಿಗೆ ಹೇಳಲು ಸುಲಭವೆಂದು ಒಂದು ಕ್ಷಣ ನನಗೂ ಅನ್ನಿಸಿತ್ತು. ಆ ಸುಲಭ ಯಾರಿಗೆ ಎಂದು ಕೇಳಿಕೊಂಡಾಗ ಉತ್ತರ ಹಿತವಾಗಿರಲಿಲ್ಲ.

ಮುಂದಿನ ವಾರ ಪುಸ್ತಕ ಹಿಂದಿರುಗಿಸಲು ಹೋದೆ. “ಓದಲಿ ಅಮ್ಮ, ತಪ್ಪೇನಿಲ್ಲ. ಆದರೆ ಇದರ ಜೊತೆಗೆ ಇನ್ನೊಂದು ಕಥೆಯೂ ಅವಳಿಗೆ ಗೊತ್ತಿರಲಿ” ಎಂದು ಹಂಚಿಯ ಕಥೆ ಆರಂಭಿಸಿದೆ. ಕುಣಿಗಲ್ ಕಡೆಯ ಹಳ್ಳಿಯಿಂದ ಬಂದಿದ್ದ ಅಜ್ಜಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಮದುವೆಯವರೆಗೆ ಸರಾಗವಾಗಿ ಹೇಳಿದ ನಾನು ಗುರು ಮನೆಗೆ ಬರುವಲ್ಲಿ ತುಸು ತಡವರಿಸಿದೆ. ಅಜ್ಜಿ ತಲೆಯೆತ್ತಿ ನನ್ನನ್ನೊಮ್ಮೆ ನೋಡಿದರು. “ನೀವು ಕಾಫಿ ಕುಡೀರಿ ಫಾದರ್, ಆರಿಹೋಗ್ತದೆ” ಎಂದು, ಮೊಮ್ಮಗಳನ್ನು ಹತ್ತಿರ ಕರೆದು, ಉಳಿದ ಕಥೆಯನ್ನು ತಾವೇ ಮುಂದುವರಿಸಿದರು.