ತೂಬಿನ ತನಕ ಬಾರದ ಸಾಲದ ಲೆಕ್ಕ

ಬಡ ದೇಶಗಳ ವಿದೇಶಿ ಸಾಲದ ಬಗ್ಗೆ ಬರೆಯುವವರ ಬಾಯಲ್ಲಿ ಜಾಂಬಿಯಾ, ಶ್ರೀಲಂಕಾ, ಘಾನಾ ಸದಾ ಇರುತ್ತವೆ. ಸಿರುಗುಪ್ಪ ಕಾಲುವೆ ಇರುವುದಿಲ್ಲ. ತುಂಗಭದ್ರೆಯಿಂದ ಹೊರಡುವ ವಿಜಯನಗರ ಕಾಲದ ಹದಿನಾರು ಕಾಲುವೆಗಳಲ್ಲಿ ಅದೂ ಒಂದು. ರಾಯ, ಬಸವ, ತುರ್ತು, ಕಂಪ್ಲಿ, ದೇಶನೂರು ಅದರ ಬಳಗ. ಇವುಗಳ ಆಧುನೀಕರಣಕ್ಕೆ ಏಷ್ಯನ್ ಅಭಿವೃದ್ಧಿ ಬ್ಯಾಂಕ್ 2019ರಲ್ಲಿ 9.1 ಕೋಟಿ ಡಾಲರ್ ಸಾಲಕ್ಕೆ ಸಹಿ ಹಾಕಿತು. 2014ರಲ್ಲಿ ಮಂಜೂರಾದ 15 ಕೋಟಿ ಡಾಲರ್‌ನ ಎರಡನೇ ಕಂತು ಅದು. ಮೊದಲ ಕಂತಿನಲ್ಲಿ ಭದ್ರಾವತಿ ಕಡೆಯ ಗೊಂದಿ ನಾಲೆಯ ಕೆಲಸ ನಡೆದಿತ್ತು.

ಇಂಥ ಸಾಲದ ಕರಾರು ಓದುವಾಗ ಒಂದು ಅಂಶದ ಮೇಲೆ ಕಣ್ಣಿಡಬೇಕು. 2005ರಿಂದ, ಹನ್ನೆರಡನೇ ಹಣಕಾಸು ಆಯೋಗದ ಶಿಫಾರಸಿನಂತೆ, ಕೇಂದ್ರ ಸರ್ಕಾರ ವಿದೇಶಿ ಸಾಲವನ್ನು ಬಂದ ಷರತ್ತಿನಲ್ಲೇ ರಾಜ್ಯಕ್ಕೆ ದಾಟಿಸುತ್ತದೆ. ರೂಪಾಯಿ ಬಿದ್ದರೆ ಹೊರೆ ರಾಜ್ಯದ್ದು. ಸಹಿಯಾದಾಗ ಡಾಲರ್‌ಗೆ 71 ರೂಪಾಯಿ ಆಸುಪಾಸಿತ್ತು, 2025ರ ಆರಂಭಕ್ಕೆ 85 ದಾಟಿತ್ತು. ಅಂದು ಪಡೆದ ಹತ್ತು ಲಕ್ಷ ಡಾಲರ್‌ನ ಅಸಲು ಏಳು ಕೋಟಿ ಚಿಲ್ಲರೆಯಿಂದ ಎಂಟೂವರೆ ಕೋಟಿಗೆ ಏರಿತು. ಡಾಲರ್ ಸಾಲದ ಬಡ್ಡಿ ಕಡಿಮೆ ಎಂಬ ಮಾತು ಸುಳ್ಳಲ್ಲ. ಆದರೆ ಆ ಉಳಿತಾಯದಲ್ಲಿ ವಿನಿಮಯ ದರ ಎಷ್ಟು ನುಂಗಿತು ಎಂಬುದನ್ನು ಸೇರಿಸದೆ ಸಾಲ ಅಗ್ಗ ಎನ್ನುವವರ ಮಾತನ್ನು ನಾನಂತೂ ಒಪ್ಪಲಾರೆ.

ಈ ನದಿಗೆ ಪರದೇಶದ ಹಣ ಹೊಸದೂ ಅಲ್ಲ. ಕೆಳಗಡೆ ಸುಂಕೇಸುಲದಲ್ಲಿ ಅಣೆಕಟ್ಟು ಕಟ್ಟಿ ಕರ್ನೂಲು–ಕಡಪ ಕಾಲುವೆ ತೋಡಿದ ಮದ್ರಾಸ್ ಇರಿಗೇಷನ್ ಕಂಪನಿಯ ಬಂಡವಾಳ ಬ್ರಿಟನ್ನಿನದು. ಷೇರುದಾರರಿಗೆ ಶೇ. 5ರ ಬಡ್ಡಿಗೆ ಸರ್ಕಾರದ ಖಾತರಿ. ಎರೆಭೂಮಿಯಲ್ಲಿ ಜೋಳ ಬೆಳೆಯುತ್ತಿದ್ದ ರೈತ ಕಂಪನಿ ಎಣಿಸಿದಷ್ಟು ನೀರು ಕೊಳ್ಳಲಿಲ್ಲ. ಬಡ್ಡಿಯ ಖಾತರಿ ಮಾತ್ರ ನೀರು ಖರ್ಚಾಗಲಿ ಬಿಡಲಿ ನಿಂತೇ ಇತ್ತು. ಕೊನೆಗೆ 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡುಕೊಂಡಿತು.

ಖಜಾನೆ ಬಿಟ್ಟು ಕಾಲುವೆ ದಂಡೆಗೆ ಬಂದ ಸಂಶೋಧಕರೂ ಇದ್ದಾರೆ. ಡಚ್ ವಿದ್ವಾಂಸ ಪೀಟರ್ ಮೊಲಿಂಗ ತುಂಗಭದ್ರಾ ಎಡದಂಡೆಯಲ್ಲಿ ಓಡಾಡಿ ಬರೆದ ‘ಆನ್ ದ ವಾಟರ್‌ಫ್ರಂಟ್’ ಈ ಭಾಗದ ನೀರಾವರಿ ತಿಳಿಯಬೇಕಾದವರು ಓದಲೇಬೇಕಾದ ಪುಸ್ತಕ. ಬರ ತಡೆಯಲೆಂದು ತೆಳ್ಳಗೆ ಹಂಚಬೇಕಿದ್ದ ನೀರು ಮೇಲ್ಭಾಗದ ಭತ್ತಕ್ಕೆ ಹೇಗೆ ಹೋಯಿತು, ತೂಬಿನ ಅಳತೆಯ ಹಿಂದೆ ಇಂಜಿನಿಯರು, ಶಾಸಕ, ದೊಡ್ಡ ರೈತರ ನಡುವೆ ಎಂಥ ಒಪ್ಪಂದಗಳಿದ್ದವು ಎಂಬುದನ್ನು ಅವರು ಬಿಡಿಸಿಟ್ಟಿದ್ದಾರೆ. ಭತ್ತ ಬೆಳೆಯಲು ಆಂಧ್ರದಿಂದ ಬಂದವರು ನೆಲೆಸಿದ, ಹೆಸರಿನ ತುದಿಗೆ ‘ಕ್ಯಾಂಪ್’ ಅಂಟಿಕೊಂಡ ಊರುಗಳನ್ನು ಬಲದಂಡೆಯಲ್ಲೂ ಕಂಡವರಿಗೆ, ಸಿರುಗುಪ್ಪದವರಿಗಂತೂ, ಅದು ತಮ್ಮದೇ ಕಥೆ ಅನಿಸುತ್ತದೆ. ಆದರೆ ಆ ಪುಸ್ತಕದ ದೃಷ್ಟಿ ನೀರು ಯಾರಿಗೆ ಎಂಬುದರ ಮೇಲೆ. ಕಾಲುವೆಗೆ ತಂದ ಹಣವನ್ನು ಮುಂದೆ ತೀರಿಸುವವರು ಯಾರು ಎಂಬುದು ಅದರ ಕೇಂದ್ರದಲ್ಲಿಲ್ಲ. ಸಾಲದ ಅರ್ಥಶಾಸ್ತ್ರದಲ್ಲಿ ತೂಬಿಲ್ಲ, ತೂಬಿನ ಸಮಾಜಶಾಸ್ತ್ರದಲ್ಲಿ ಸಾಲವಿಲ್ಲ.

ಕುರುಗೋಡಿನ ಕಡೆ, ಬಲದಂಡೆಯ ಕೆಳಮಟ್ಟದ ಕಾಲುವೆಯ (ಎಲ್‌ಎಲ್‌ಸಿ) ಉಪಕಾಲುವೆಯೊಂದರ ಕೊನೆ ಭಾಗದ ರೈತನಿಗೆ ಇವೆರಡೂ ಬೇಕು. ಮೇಲಿನವರು ಕಾಲುವೆಗೇ ಪೈಪು ಇಳಿಸಿ ಪಂಪಿನಿಂದ ನೀರೆತ್ತಿದರೆ, ಅವನ ಸಸಿಮಡಿ ಹಳದಿಯಾಗುವ ಹೊತ್ತಿಗೆ ನೀರು ಬಿಡುವ ಲಸ್ಕರ್ ಬಳಿ ಹೇಳಲು ಸಮಾಧಾನ ಬಿಟ್ಟು ಬೇರೇನೂ ಇರುವುದಿಲ್ಲ. ವಿಜಯನಗರದ ಹಳೇ ಕಾಲುವೆಗಳಿಗೆ ಕಾಂಕ್ರೀಟ್ ಹೊದಿಸಿದಾಗ ಸೋರಿಕೆ ತಗ್ಗುತ್ತದೆ, ಅದು ಲಾಭವೇ. ಉಳಿದ ನೀರು ಯಾರ ತೂಬಿಗೆ ಇಳಿಯುತ್ತದೆ ಎಂಬುದನ್ನು ಕಾಂಕ್ರೀಟ್ ತೀರ್ಮಾನಿಸುವುದಿಲ್ಲ. ಬ್ಯಾಂಕಿನ ಮುಕ್ತಾಯ ವರದಿ ಬರುವುದು ಕಾಮಗಾರಿ ಮುಗಿದ ಬೆನ್ನಿಗೆ. ಆಗ ಕಾಂಕ್ರೀಟ್ ಹೊಸದು, ಅಸಲು ಬಹುಪಾಲು ಬಾಕಿ. ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲೇ.

ಕಾಮಗಾರಿ ಮುಗಿದ ಹದಿನೈದು ವರ್ಷದ ನಂತರ ಹೂಳೆತ್ತುವ, ಗೇಟಿಗೆ ಗ್ರೀಸು ಹಚ್ಚುವ ಕೆಲಸಕ್ಕೆ ಶಿಲಾನ್ಯಾಸವಿಲ್ಲ, ಸಚಿವರ ಭಾಷಣವಿಲ್ಲ. ಅಂಥ ಕೆಲಸದ ಬೆಲೆ ನೆನಪಿಸುವಂತೆ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ವಾರದೊಳಗೆ ಸ್ಟಾಪ್‌ಲಾಗ್ (ತಾತ್ಕಾಲಿಕ ಗೇಟು) ಇಳಿಸಿ ನೀರು ತಡೆದದ್ದು ಮೆಚ್ಚತಕ್ಕ ಕೆಲಸ. ಈಗ ವಿಜಯನಗರ ಕಾಲುವೆಗಳ ಸಾಲವನ್ನು ಅಳೆಯುವವರು ಕೊನೆಯ ಕಂತು ಕಟ್ಟುವ ವರ್ಷದ ಬೇಸಿಗೆಯಲ್ಲೊಮ್ಮೆ ಸಿರುಗುಪ್ಪ, ದೇಶನೂರು ಕಾಲುವೆಗಳ ತುದಿಗೆ ಹೋಗಿ ನೀರಿನ ಮಟ್ಟ ನೋಡಲಿ, ಆ ವರ್ಷ ದುರಸ್ತಿಗೆ ಬಿಡುಗಡೆಯಾದ ಹಣವನ್ನೂ ಪಕ್ಕದಲ್ಲೇ ಬರೆದುಕೊಳ್ಳಲಿ.